ಪ್ಲಾಗ್ ಎಳೆದ ಗೆರೆ, ಮಲ್ಲಯ್ಯನ ಹಾದಿ

ಪ್ರವಾಸೋದ್ಯಮದ ಪಠ್ಯಗಳಲ್ಲಿ ಸ್ಟ್ಯಾನ್ಲಿ ಪ್ಲಾಗ್‌ಗೆ ಸಿಕ್ಕಿರುವ ಪೀಠ ತೀರಾ ಎತ್ತರದ್ದು. 1974ರಲ್ಲಿ ಅವರು ಪ್ರಕಟಿಸಿದ ಗಂಟೆಯಾಕಾರದ ಗೆರೆಯನ್ನು ವಿದ್ಯಾರ್ಥಿಗಳು ಇವತ್ತಿಗೂ ಬಾಯಿಪಾಠ ಮಾಡುತ್ತಾರೆ. ಒಂದು ತುದಿಗೆ ಅಂಜುಬುರುಕ: ಹೋದ ಊರಿಗೇ ಮತ್ತೆ ಹೋಗುವವನು, ಗುಂಪು ಬಿಡದವನು, ರೂಢಿಯ ಊಟವೇ ಬೇಕೆನ್ನುವವನು. ಇನ್ನೊಂದು ತುದಿಗೆ ಸಾಹಸಿ. ನಡುವೆ ನಾವು ನೀವೆಲ್ಲ. ಆದಾಯ, ವಯಸ್ಸು ಬಿಟ್ಟು ಪ್ರವಾಸಿಯ ಸ್ವಭಾವ ಕೇಳಿದರಲ್ಲ, ಅಷ್ಟರಮಟ್ಟಿಗೆ ಮೆಚ್ಚೋಣ. ನನ್ನ ಮೆಚ್ಚುಗೆ ಅಲ್ಲಿಗೇ ಮುಗಿಯಿತು.

ಗೆರೆಯ ಮೇಲೆ ಸ್ವಭಾವಗಳ ಜೊತೆಗೆ ಊರುಗಳೂ ಕೂತಿವೆ. ಅಂಜುವವರ ತುದಿಗೆ ನ್ಯೂಯಾರ್ಕಿನ ಕೋನಿ ಐಲೆಂಡ್, ಸಾಹಸಿಗಳ ತುದಿಗೆ ಆಫ್ರಿಕಾ. ನೈರೋಬಿಯವನಿಗೆ ಆಫ್ರಿಕಾ ಮನೆಯಂಗಳ. ಕೋನಿ ಐಲೆಂಡಿಗೆ ಹೊರಟರೆ ಅವನೇ ಸಾಹಸಿ. ಮನಸ್ಸನ್ನು ಅಳೆಯುತ್ತೇನೆಂದು ಹೊರಟ ಗೆರೆ ಅಳೆದದ್ದು ಅಮೆರಿಕದವರ ಮನೆಬಾಗಿಲಿನಿಂದ ಇರುವ ದೂರವನ್ನು. ಈ ಸಂಶೋಧನೆಯ ಮೂಲವೇ ಜನ ಯಾಕೆ ವಿಮಾನ ಹತ್ತುತ್ತಿಲ್ಲ ಎಂಬ ವಿಮಾನ ಕಂಪನಿಗಳ ಚಿಂತೆ. ಟಿಕೆಟ್ ಮಾರುವವನಿಗೆ ದೂರವೇ ದೊಡ್ಡದು, ತಪ್ಪೇನಿಲ್ಲ.

ಯುಗಾದಿಗೆ ಮುಂಚೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಕಂಬಿ ಹೊತ್ತು ಶ್ರೀಶೈಲದ ಮಲ್ಲಯ್ಯನ ಬಳಿಗೆ ನಡೆಯುವವರನ್ನು ಈ ಗೆರೆಯ ಮೇಲೆ ಎಲ್ಲಿ ಕೂರಿಸೋಣ? ನೂರಾರು ಕಿಲೋಮೀಟರ್ ನಡಿಗೆ, ಕೊನೆಗೆ ಹುಲಿಯಿರುವ ನಲ್ಲಮಲ ಕಾಡು, ಬೊಬ್ಬೆ ಒಡೆದ ಅಂಗಾಲಿಗೆ ಸುತ್ತಿದ ಬಟ್ಟೆ. ಪ್ಲಾಗ್ ಲೆಕ್ಕದಲ್ಲಿ ಪಕ್ಕಾ ಸಾಹಸಿಗಳು. ಆದರೆ ವರ್ಷವೂ ಅದೇ ಊರು, ಅದೇ ಓಣಿಯ ಮಂದಿ, ಗಂಟಿನಲ್ಲಿ ಮನೆಯದೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಅದೇ ಲೆಕ್ಕದಲ್ಲಿ ಪಕ್ಕಾ ಅಂಜುಬುರುಕರು! ಅವರನ್ನೇ ಕೇಳಿದರೆ ಮಲ್ಲಯ್ಯನ ಮಡದಿ ಭ್ರಮರಾಂಬೆ ತಮ್ಮ ಮನೆಮಗಳು, ಹಬ್ಬಕ್ಕೆ ಸೀರೆ ಮುಟ್ಟಿಸಬೇಕು ಎನ್ನುತ್ತಾರೆ. ತವರಿನ ಈ ಋಣಕ್ಕೆ ಪುಕ್ಕಲನೂ ಹೊರಡುತ್ತಾನೆ, ಹುಂಬನೂ ಹೊರಡುತ್ತಾನೆ. ಹೊರಡಿಸುವುದು ಅವರು ನಂಬಿದ ಮೌಲ್ಯ. ಸ್ವಭಾವಕ್ಕೆ ಉಳಿಯುವ ಕೆಲಸ, ದಾರಿಯಲ್ಲಿ ಯಾರು ಮುಂದೆ ನಡೆಯಬೇಕು ಎನ್ನುವುದಷ್ಟೇ.

ಯಾತ್ರೆ ಬೇರೆ, ಪ್ರವಾಸ ಬೇರೆ ಎಂದು ನಮ್ಮ ಮೇಷ್ಟರುಗಳು ಜಾರಿಕೊಳ್ಳುತ್ತಾರೆ. ಹಾಗಿದ್ದರೆ ರಾಜ್ಯದ ಪ್ರವಾಸಿಗರ ಲೆಕ್ಕದಿಂದ ಧರ್ಮಸ್ಥಳ, ಚಾಮುಂಡಿ ಬೆಟ್ಟಗಳನ್ನು ಕಳೆದುಬಿಡಲಿ, ಏನು ಉಳಿಯುತ್ತದೋ ನೋಡೋಣ. ಇನ್ನು ಕೆಲವರು ‘ಮಾದರಿಗೆ ಮಿತಿಗಳಿವೆ’ ಎಂದು ಒಂದು ಸಾಲು ಸೇರಿಸಿ ಅದೇ ಚಿತ್ರ ಅಚ್ಚು ಹಾಕುತ್ತಾರೆ. ಸಂಶೋಧಕ ಸ್ಟೀಫನ್ ಸ್ಮಿತ್ 1990ರಲ್ಲೇ ಏಳು ದೇಶಗಳ ಮಾಹಿತಿಯಿಟ್ಟು ಪರೀಕ್ಷಿಸಿ, ಮಾದರಿಗೆ ಆಧಾರ ಸಿಗಲಿಲ್ಲ ಎಂದಿದ್ದರು. ಪರೀಕ್ಷೆಯ ವಿಧಾನವೇ ಸರಿಯಿಲ್ಲ ಎಂದು ಪ್ಲಾಗ್ ತಕರಾರು ತೆಗೆದರು. ಮುಂದೆ ಎರಡು ತುದಿಗಳ ಹೆಸರು ಬದಲಾಯಿತು. ಗೆರೆ ಹಾಗೇ ಇದೆ.

ಅಮೆರಿಕದ ವಿಮಾನಯಾನದ ಚರಿತ್ರೆಯಲ್ಲಿ ಪ್ಲಾಗ್‌ಗೆ ಒಂದು ಪುಟ ಕೊಡಿ. ಜನ ಯಾಕೆ ಹೊರಡುತ್ತಾರೆ ಎಂಬ ಅಧ್ಯಾಯದಿಂದ ಆ ಚಿತ್ರ ತೆಗೆಯಿರಿ.