ಬಿಂದುವಿನೊಳಗಿನ ಣಕಾರ: ಅಕ್ಷರ ಹಿಡಿದು ಪದ ಹುಡುಕುವ ಕ್ರಮದ ವಿಮರ್ಶೆ

ಪದದಾಟಗಳಲ್ಲಿ ಎದುರಾಗುವ ಪ್ರಶ್ನೆ ಮೇಲ್ನೋಟಕ್ಕೆ ಸರಳವಾದುದು: ಇಂಥ ಅಕ್ಷರವಿರುವ ಪದಗಳು ಯಾವುವು? ಕನ್ನಡದಲ್ಲಿ ಇದಕ್ಕೆ ಉತ್ತರಿಸುವ ಮೊದಲು 'ಅಕ್ಷರ' ಎಂದರೇನು, ಅದು ಪದದಲ್ಲಿ 'ಇದೆ' ಎಂದರೇನು ಎಂಬೆರಡನ್ನೂ ಇತ್ಯರ್ಥಪಡಿಸಿಕೊಳ್ಳಬೇಕು. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಗಣಕ ಹುಡುಕಾಟವು ಇವೆರಡನ್ನೂ ಇತ್ಯರ್ಥಪಡಿಸದೆಯೇ ಉತ್ತರ ನೀಡುತ್ತದೆ ಎಂಬುದು ನಮ್ಮ ಆಕ್ಷೇಪ. ಆಟಗಾರನಿಗೆ ಇದರಿಂದ ಒಂದೆರಡು ಅಂಕ ನಷ್ಟವಾದೀತು, ಅಷ್ಟೆ. ಆದರೆ ಅದೇ ಹುಡುಕಾಟವನ್ನು ನಂಬಿ ಧ್ವನಿಮಾಗಳ ಆವರ್ತನವನ್ನು ಲೆಕ್ಕಹಾಕುವ ಸಂಶೋಧಕರ ಪ್ರಬಂಧದಲ್ಲಿ ಒಂದು ಅಧ್ಯಾಯವೇ ಕುಸಿಯಬಹುದು.

ಉದಾಹರಣೆಗಳನ್ನು ವಿಜಯಪುರ ಜಿಲ್ಲೆಯ ಸ್ಥಳನಾಮಗಳಿಂದ ಆಯ್ದುಕೊಳ್ಳುತ್ತೇವೆ. ದೇವಣಗಾಂವ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಇವುಗಳಲ್ಲಿ ಣಕಾರವಿರುವ ಹೆಸರು ಯಾವುದೆಂದು ಗಣಕವನ್ನು ಕೇಳಿದರೆ ದೇವಣಗಾಂವ ಒಂದೇ ದೊರೆಯುತ್ತದೆ. ಕಿವಿಯನ್ನು ಕೇಳಿದರೆ ಇಂಡಿಯೂ ದೊರೆಯಬೇಕು. ಅಲ್ಲಿ ಡಕಾರದ ಹಿಂದಿರುವ ಬಿಂದು ಉಚ್ಚಾರಣೆಯಲ್ಲಿ ಮೂರ್ಧನ್ಯ ಅನುನಾಸಿಕವೇ ಆಗಿದೆ; ಇಂಥ ಕಡೆ ಬಿಂದುವಿನ ಬದಲು ವರ್ಗಾನುನಾಸಿಕವನ್ನೇ ಒತ್ತಕ್ಷರದೊಡನೆ ಬರೆದ ರೂಪಗಳು ಹಳೆಯ ಶಾಸನಗಳಲ್ಲಿ ಅಪರೂಪವಲ್ಲ. ಸಿಂದಗಿಯ ಬಿಂದು ನಕಾರ. ಇಂಡಿಯ ಸೀಮೆ ಹೆಸರಾಗಿರುವ ಲಿಂಬೆಯಲ್ಲಿ ಅದೇ ಬಿಂದು ಮಕಾರ. ದೇವಣಗಾಂವದ ಬಿಂದು ಈ ಮೂರೂ ಅಲ್ಲ. ವಕಾರಕ್ಕೆ ವರ್ಗವಿಲ್ಲ, ಆದಕಾರಣ ಅದಕ್ಕೆ ವರ್ಗಾನುನಾಸಿಕವೂ ಇಲ್ಲ. ಸಂಸ್ಕೃತದ 'ಗ್ರಾಮ' ಪ್ರಾಕೃತ ಅಪಭ್ರಂಶಗಳ ಮೂಲಕ ಮರಾಠಿಯ 'ಗಾಂವ' ಆಗುವಾಗ ಮಕಾರವು ವಕಾರವಾಗಿ ಸಡಿಲಿತು, ಅದರ ನಾಸಿಕ್ಯ ಮಾತ್ರ ಹಿಂದಿನ ಸ್ವರಕ್ಕೆ ಅಂಟಿಕೊಂಡಿತು. ಆ ಬಿಂದು ಅಳಿದುಹೋದ ಮಕಾರದ ಗುರುತು. ಬೆಳಗಾಂವವು 2014ರಲ್ಲಿ ಅಧಿಕೃತವಾಗಿ ಬೆಳಗಾವಿಯಾದಾಗ ಬರಹದಿಂದ ಜಾರಿದ್ದು ಇದೇ ಗುರುತು. ಹೀಗೆ ಒಂದೇ ಜಿಲ್ಲೆಯ ನಾಲ್ಕು ಪದಗಳಲ್ಲಿ ಒಂದೇ ಚಿಹ್ನೆಗೆ ನಾಲ್ಕು ಬೆಲೆ. ಬರಹವನ್ನಷ್ಟೇ ನೋಡಿ ಕನ್ನಡದಲ್ಲಿ ಣಕಾರದ ಆವರ್ತನ ಇಷ್ಟು ಎನ್ನುವ ಯಾವ ಕೋಷ್ಟಕವೂ ಬಂಡಿ, ಗುಂಡಿ, ಹಿಂಡಿಗಳನ್ನು ಹೊರಗಿಟ್ಟು ಮಾಡಿದ ಎಣಿಕೆಯೇ ಸರಿ.

ಎಣಿಕೆಯ ಮಾತು ಬಂದುದರಿಂದ ದೇವಣಗಾಂವವನ್ನು ಎಣಿಸಿಯೇ ನೋಡಬಹುದು. ಅಕ್ಷರಗಳು 5, ವರ್ಣಗಳು ಬಿಂದುವೂ ಸೇರಿ 11, ಯೂನಿಕೋಡ್ ಸಂಕೇತಗಳು 8. ಏಕಾರದ ಚಿಹ್ನೆಯನ್ನು ಎಕಾರ ಮತ್ತು ದೀರ್ಘಚಿಹ್ನೆಗಳಾಗಿ ಬಿಡಿಸಿಟ್ಟರೆ ಸಂಕೇತಗಳು 9, ಮತ್ತು ಈ ಎರಡು ಬಗೆಯ ಬರಹವೂ ಸಮಾನವೆಂದು ಯೂನಿಕೋಡ್ ಒಪ್ಪುತ್ತದೆ. ಬಿಡಿಸಿಟ್ಟ ಪಠ್ಯದಲ್ಲಿ 'ದೆ' ಎಂದು ಹುಡುಕಿದವರಿಗೆ 'ದೇವಣಗಾಂವ'ವೂ ಸಿಕ್ಕಿಬಿಡುತ್ತದೆ. ಅಕಾರಕ್ಕಾಗಿ ಹುಡುಕಿದವರಿಗೆ ಅದು ಎಂದೂ ಸಿಗದು, ಅದರಲ್ಲಿ ಮೂರು ಅಕಾರಗಳು ಕೇಳಿಬರುತ್ತಿದ್ದರೂ. ಮುದ್ದೇಬಿಹಾಳದ ಸ್ಥಿತಿ ಇನ್ನೊಂದು ಬಗೆಯದು. ಶಾಲೆಯ ಮಗು ಅದನ್ನು ಮು–ದ್ದೇ–ಬಿ–ಹಾ–ಳ ಎಂದು ಐದಾಗಿ ಬಿಡಿಸುತ್ತದೆ. ಯೂನಿಕೋಡಿನ ಪಠ್ಯವಿಭಜನೆಯ ನಿಯಮ ಅದನ್ನು ಮು–ದ್–ದೇ–ಬಿ–ಹಾ–ಳ ಎಂದು ಆರಾಗಿ ಒಡೆಯುತ್ತದೆ. 2023ರ 15.1ನೆಯ ಆವೃತ್ತಿಯಲ್ಲಿ ಒತ್ತಕ್ಷರಗಳನ್ನು ಒಡೆಯದಂತೆ ಹೊಸ ನಿಯಮವೊಂದು ಸೇರಿತು. ಅದು ಅನ್ವಯಿಸುವ ಲಿಪಿಗಳಲ್ಲಿ ತೆಲುಗು, ಮಲಯಾಳಂ, ದೇವನಾಗರಿಗಳಿದ್ದವು, ಕನ್ನಡವಿರಲಿಲ್ಲ. ಒಂದೇ ಮೂಲದಿಂದ ಬಂದ ಎರಡು ಲಿಪಿಗಳ ನಡುವೆ ಅಕ್ಷರದ ವ್ಯಾಖ್ಯೆಯೇ ಹೀಗೆ ಬೇರೆಯಾಯಿತು.

ಪದಬಂಧಕಾರರು ಈ ತೊಡಕನ್ನು ತಮ್ಮಷ್ಟಕ್ಕೆ ಪರಿಹರಿಸಿಕೊಂಡಿದ್ದಾರೆ. ಅವರಿಗೆ ಒಂದು ಚೌಕವೆಂದರೆ ಗುಣಿತ, ಒತ್ತು, ಬಿಂದುಗಳೆಲ್ಲ ಸೇರಿದ ಒಂದು ಅಕ್ಷರ. ನಿಲುವು ಸ್ಪಷ್ಟ, ಆದರೆ ದುಬಾರಿ. 34 ವ್ಯಂಜನಗಳನ್ನು 13 ಸ್ವರಗಳೊಡನೆ ಕೂಡಿಸಿದರೆ 442 ಗುಣಿತಾಕ್ಷರಗಳು; ಒತ್ತು ಬಿಂದುಗಳು ಸೇರಿದರೆ ಲೆಕ್ಕ ಸಾವಿರಗಳಿಗೆ ಏರುತ್ತದೆ. ಅಡ್ಡ ಪದವೂ ಉದ್ದ ಪದವೂ ಒಂದು ಚೌಕದಲ್ಲಿ ಕೂಡಬೇಕಾದರೆ ಇಷ್ಟರಲ್ಲಿ ಒಂದೇ ಅಕ್ಷರ ಎರಡಕ್ಕೂ ಒದಗಬೇಕು. 26 ಅಕ್ಷರಗಳ ಇಂಗ್ಲಿಷಿಗೆ 100 ಬಿಲ್ಲೆಗಳಲ್ಲಿ ಸ್ಕ್ರ್ಯಾಬಲ್ ಹೊಂದಿಸಿದ ಉಪಾಯ ಇಲ್ಲಿ ನಡೆಯದು. ಅಂತ್ಯಾಕ್ಷರಿಯ ಆಟಗಾರರು ಮತ್ತೊಂದು ದಾರಿ ಹಿಡಿಯುತ್ತಾರೆ: ಕೊನೆಯಕ್ಷರದ ಸ್ವರವನ್ನು ಹಲವೊಮ್ಮೆ ಬಿಟ್ಟುಕೊಟ್ಟು ವ್ಯಂಜನವನ್ನಷ್ಟೇ ಉಳಿಸಿಕೊಳ್ಳುತ್ತಾರೆ.

ಇದು ಹೊಸ ಜಾಣತನವೇನಲ್ಲ. ಕನ್ನಡ ಕವಿಗಳು ಆದಿಪ್ರಾಸದ ನಿರ್ಬಂಧದಲ್ಲಿ ಶತಮಾನಗಳ ಕಾಲ ಆಡಿದ್ದು ಇದನ್ನೇ. ಪದ್ಯದ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಅದರ ಮೇಲಿನ ಸ್ವರ ಬದಲಾಗಬಹುದು. ಹಿಂದಿನದು ಹ್ರಸ್ವವೋ ದೀರ್ಘವೋ, ನಡುವೆ ಬಿಂದುವಿದೆಯೋ ವಿಸರ್ಗವಿದೆಯೋ, ವ್ಯಂಜನ ಸಜಾತೀಯ ಒತ್ತಿನದೋ ವಿಜಾತೀಯ ಒತ್ತಿನದೋ ಎಂಬುದನ್ನು ಅನುಸರಿಸಿ ಒಂದನೆಯ ನಾಗವರ್ಮನ ಛಂದೋಂಬುಧಿ ಸಿಂಹ, ಗಜ, ವೃಷಭ, ಅಜ, ಹಯ, ಶರಭ ಎಂದು ಆರು ಬಗೆ ಮಾಡುತ್ತದೆ. ನಮ್ಮ ಚರ್ಚೆಗೆ ಮುಖ್ಯವಾದುದು ವೃಷಭ. ಬಿಂದುವನ್ನು ಲೆಕ್ಕದಿಂದ ಬಿಡದೆ, ಇನ್ನೊಂದು ವ್ಯಂಜನದೊಳಗೆ ಕರಗಿಸದೆ, ಅದಕ್ಕೇ ಒಂದು ವರ್ಗವನ್ನು ಈ ವಿಂಗಡಣೆ ಮೀಸಲಿಟ್ಟಿದೆ. ಇಂಡಿಗೆ ಜೋಡಿ ಬಂಡಿಯೇ ಹೊರತು ಅಡಿಯಲ್ಲ.

ಅಕ್ಷರ ಹಿಡಿದು ಪದ ಹುಡುಕಿದ ಅತ್ಯುತ್ತಮ ಮಾದರಿಯೂ ಈ ಪರಂಪರೆಯದೇ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ೞಕಾರವುಳ್ಳ ಪದಗಳನ್ನು ಪಟ್ಟಿಮಾಡುತ್ತಾನೆ. ಆ ಹೊತ್ತಿಗೆ ಆಡುಮಾತಿನಲ್ಲಿ ೞಕಾರ ಳಕಾರದೊಳಗೆ ಬೆರೆತುಹೋಗುತ್ತಿತ್ತು. ಬದುಕುವ 'ಬಾೞ್', ಕತ್ತಿಯ 'ಬಾಳ್' ಕಿವಿಗೆ ಒಂದಾಗತೊಡಗಿದ್ದವು. ಪ್ರಾಸದಲ್ಲಿ ಅವನ್ನು ಬೆರೆಸಬಾರದಾದ್ದರಿಂದ, ಕಿವಿ ಕೈಬಿಟ್ಟ ಕಡೆ ಪಟ್ಟಿ ನೆರವಿಗೆ ಬರಬೇಕಾಯಿತು. ಕೇಶಿರಾಜ ಮೊದಲು ಕ್ಷಳ, ಕುಳ, ರಳಗಳೆಂದು ಘಟಕಗಳನ್ನು ವಿಂಗಡಿಸುತ್ತಾನೆ, ಅನಂತರ ಹುಡುಕುತ್ತಾನೆ. ಈ ಅನುಕ್ರಮವೇ ಅವನ ಹೆಚ್ಚುಗಾರಿಕೆ. 1872ರಲ್ಲಿ ಆ ವ್ಯಾಕರಣವನ್ನು ಸಂಪಾದಿಸಿದ ಕಿಟ್ಟೆಲರ 1894ರ ನಿಘಂಟು ಪದಸಂಪತ್ತಿನಲ್ಲಿ ಎಷ್ಟೋ ದೊಡ್ಡದಾದರೂ, ಮೊದಲಕ್ಷರದ ಕ್ರಮದಲ್ಲಿರುವ ಕಾರಣ ಪದದ ಒಡಲಿನಲ್ಲಿರುವ ಅಕ್ಷರವನ್ನು ಅರಸುವವರಿಗೆ ಅಷ್ಟು ಒದಗುವುದಿಲ್ಲ. ಯೂನಿಕೋಡಿನಲ್ಲಿ ೞಕಾರಕ್ಕೆ ಸಿಕ್ಕಿರುವ ಹೆಸರಂತೂ 'ಫ'. ಹೆಸರು ಬದಲಿಸುವಂತಿಲ್ಲ ಎಂಬ ನಿಯಮದಿಂದಾಗಿ ತಿದ್ದುಪಡಿಯು ಪರ್ಯಾಯನಾಮವಾಗಿ ಪಕ್ಕದಲ್ಲಿ ನಿಂತಿದೆ.

ಲಿಪಿಯ ಹಂಗಿಲ್ಲದ ಆಟವೊಂದನ್ನೂ ಇಲ್ಲಿ ಗಮನಿಸಬೇಕು. ವಿಜಯಪುರದ ಕಡೆ ಮದುವೆ, ಸೀಮಂತಗಳಲ್ಲಿ ಹೆಂಗಸರು ಒಡಪು ಹಾಕಿ ಗಂಡನ ಹೆಸರು ಹೇಳುವ ವಾಡಿಕೆಯಿದೆ. ಗಡಿಯಾಚೆಯ ಮರಾಠಿಯಲ್ಲಿ ಇದರ ಜೋಡಿ ಉಖಾಣೆ. ಹೆಸರಿಗೆ ಒಪ್ಪುವ ಸದ್ದಿನ ಮಾತು ತಟ್ಟನೆ ಹೊಳೆಯಬೇಕು. ಓದುಬರಹ ಬಾರದವರೂ ಇದರಲ್ಲಿ ನಿಪುಣರು. ಅವರು ಮಾಡುವುದು ಧ್ವನಿಮಾತ್ಮಕ ಹುಡುಕಾಟ: 'ಸಿಂದಗಿ'ಯನ್ನು ಮಾತಿನ ಓಟದಲ್ಲಿ 'ಸಿಂದ್ಗಿ' ಎನ್ನುವವರು ಪ್ರಾಸಕ್ಕೆ ಹುಡುಕುವುದು ತಾವು ಆಡಿದ ರೂಪಕ್ಕೆ, ಬರೆದ ರೂಪಕ್ಕಲ್ಲ. ಪದಕೋಶಗಳಿಂದ ಆವರ್ತನಗಳನ್ನು ತೆಗೆಯುವ ನಮ್ಮ ವಿದ್ಯಾರ್ಥಿಗಳು ಹುಡುಕಾಟದ ಘಟಕ ಸಂಕೇತವೇ, ಅಕ್ಷರವೇ, ವರ್ಣವೇ ಎಂಬುದನ್ನು ಕೋಷ್ಟಕದ ತಲೆಬರಹದಲ್ಲಿಯೇ ನಮೂದಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ಬಿಂದುವಿಗೆ ಅದರಲ್ಲಿ ಪ್ರತ್ಯೇಕ ಅಂಕಣವಿರಲಿ. ಡಕಾರದ ಹಿಂದಿನವು, ದಕಾರದ ಹಿಂದಿನವು, ಬಕಾರದ ಹಿಂದಿನವು ಬೇರೆಬೇರೆಯಾಗಿ, ಮತ್ತು ಗಾಂವದಂಥವು ಯಾವ ವರ್ಗಕ್ಕೂ ಸೇರದೆ ಕೊನೆಯ ಸಾಲಿನಲ್ಲಿ.