ಇನ್ಲೆ ಸರೋವರದ ಪಚ್ಚೆ

ಅಂಗಡಿಯ ಬೋಳು ತೊಟ್ಟಿಯಲ್ಲಿ ಈ ಮೀನನ್ನು ಕಂಡವರು ಸಾಮಾನ್ಯವಾಗಿ ಮುಂದೆ ನಡೆದುಬಿಡುತ್ತಾರೆ. ಕಣ್ಣು ಕುಕ್ಕುವ ಬೆಳಕಿಗೆ ಹೆದರಿ, ಬಣ್ಣ ಕಳೆದುಕೊಂಡು ಮೂಲೆ ಹಿಡಿದಿರುತ್ತದೆ. ಮನೆಗೆ ತಂದು, ಗಿಡ ದಟ್ಟವಾಗಿ ಬೆಳೆದ ತೊಟ್ಟಿಗೆ ಬಿಟ್ಟು ಕೆಲವು ವಾರ ಕಾಯಿರಿ. ಹೆಬ್ಬೆರಳಿನ ಅರ್ಧದಷ್ಟಿಲ್ಲದ ಮೈಮೇಲೆ ಹಸಿರು-ನೀಲಿ ಪಟ್ಟೆಗಳು ಸಾಲಾಗಿ ಏಳುತ್ತವೆ, ರೆಕ್ಕೆಗಳು ಕೆಂಪೇರುತ್ತವೆ, ಬಾಲದ ಬುಡದಲ್ಲಿ ಕಪ್ಪು ಬೊಟ್ಟು ಕಾಣುತ್ತದೆ. ಪುಟ್ಟ ಮೀನುಗಳಲ್ಲಿ ಇದಕ್ಕಿಂತ ಚೆಲುವಾದದ್ದನ್ನು ನಾನು ಸಾಕಿಲ್ಲ.

ಅಂಗಡಿಯಲ್ಲಿ ಇದರ ಹೆಸರು ಎಮರಾಲ್ಡ್ ರಾಸ್ಬೊರಾ; ವಿಜ್ಞಾನಿಗಳಿಗೆ ಡ್ಯಾನಿಯೊ ಎರಿತ್ರೊಮೈಕ್ರಾನ್. ತವರು ಒಂದೇ: ಮ್ಯಾನ್ಮಾರಿನ ಶಾನ್ ಬೆಟ್ಟಗಳ ನಡುವಿನ ಇನ್ಲೆ ಸರೋವರ. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಮೊದಲ ನಿರ್ದೇಶಕ ನೆಲ್ಸನ್ ಅನ್ನಂಡೇಲ್ 1918ರಲ್ಲಿ ಇದನ್ನು ಲೋಕಕ್ಕೆ ಪರಿಚಯಿಸಿದರು.

'ರಾಸ್ಬೊರಾ' ಎಂಬ ಹೆಸರು ನಂಬಿ, ಮೆದು ನೀರಿನ ಮೀನೆಂದುಕೊಂಡು, ಹಲವರು ಇದನ್ನು ಆರ್‌ಓ ನೀರಿನಲ್ಲಿ ಇಟ್ಟು ಕೊರಗಿಸುತ್ತಾರೆ. ಇನ್ಲೆಯ ಸುತ್ತ ಇರುವುದು ಸುಣ್ಣಕಲ್ಲಿನ ಬೆಟ್ಟ. ನೀರು ಕ್ಷಾರೀಯ, ತುಸು ಗಡಸು. ಸರೋವರ ಸಮುದ್ರಮಟ್ಟಕ್ಕಿಂತ ಸುಮಾರು 880 ಮೀಟರ್ ಎತ್ತರದಲ್ಲಿದೆ, ಹೆಚ್ಚುಕಡಿಮೆ ನಮ್ಮ ಬೆಂಗಳೂರಿನಷ್ಟೇ. ಹಾಗಾಗಿ ಇಲ್ಲಿ ಹೀಟರ್ ಬೇಕಿಲ್ಲ. ಏಪ್ರಿಲ್ ಸೆಕೆಯಲ್ಲಿ ಮಾತ್ರ ತೊಟ್ಟಿಯನ್ನು ತಂಪಾಗಿಡಿ.

ತವರಿನಲ್ಲಿ ಸುಖವಿಲ್ಲ. ಅಲ್ಲಿನ 'ಇಂತಾ' ಎಂಬ ಸಮುದಾಯದ ಜನ ಸರೋವರದ ಮೇಲೆಯೇ ತೇಲುವ ತೋಟ ಕಟ್ಟಿ ಟೊಮೆಟೊ ಬೆಳೆಯುತ್ತಾರೆ. ಅದು ಅವರ ಅನ್ನ, ಅವರನ್ನು ದೂರಲಾರೆ. ಆದರೆ ಹೊಡೆದ ಔಷಧ, ಹಾಕಿದ ಗೊಬ್ಬರ ನೇರ ನೀರಿಗೇ ಇಳಿಯುತ್ತದೆ. ಬೋಳಾದ ಗುಡ್ಡಗಳ ಮಣ್ಣು ಬಂದು ಹೂಳು ತುಂಬುತ್ತಿದೆ. ಟಿಲಾಪಿಯಾದಂಥ ಪರಊರಿನ ಮೀನೂ ಸೇರಿಕೊಂಡಿದೆ. ಐಯುಸಿಎನ್ ಕೆಂಪುಪಟ್ಟಿಯಲ್ಲಿ ನಮ್ಮ ಪಚ್ಚೆ ಅಳಿವಿನಂಚಿನದು.

ಒಂದು ಕೆರೆ ಕೆಟ್ಟರೆ ಇಡೀ ಜಾತಿ ಹೋಗುತ್ತದೆ ಅನ್ನುವಾಗ, ಸಾಕುವವರ ಹೊಣೆ ದೊಡ್ಡದು. ಮರಿ ಮಾಡಿಸುವುದು ಕಷ್ಟವಲ್ಲ. ಜಾವಾ ಮಾಸ್ ಗೊಂಚಲಿನಲ್ಲಿ ದಿನಕ್ಕೆ ಕೆಲವೇ ಮೊಟ್ಟೆ ಉದುರಿಸುತ್ತದೆ. ಆ ಗೊಂಚಲನ್ನು ಬೇರೆ ತೊಟ್ಟಿಗೆ ಹಾಕಿ. ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣ. ಮೊದಲ ದಿನಗಳಲ್ಲಿ ಹಳೆಯ ನೀರಿನ ಸೂಕ್ಷ್ಮಜೀವಿಗಳೇ ಆಹಾರ, ಆಮೇಲೆ ಆರ್ಟೀಮಿಯಾ.

ಕೊಳ್ಳುವಾಗ ಸರೋವರದಿಂದ ಹಿಡಿದದ್ದೋ ತೊಟ್ಟಿಯಲ್ಲಿ ಹುಟ್ಟಿದ್ದೋ ಕೇಳಿ, ಎರಡನೆಯದನ್ನೇ ತನ್ನಿ. ಮರಿಗಳು ಹೆಚ್ಚಾದರೆ ಗೆಳೆಯರಿಗೆ ಕೊಡಿ. ಊರ ಕೆರೆಗೆ ಮಾತ್ರ ಬಿಡಬೇಡಿ.