ಕೊನೆಯ ಹಾಳೆ ಇಲ್ಲದ ಪತ್ತೇದಾರ

ಜಯನಗರ ನಾಲ್ಕನೇ ಬ್ಲಾಕಿನ ಅಡ್ಡರಸ್ತೆಯೊಂದರಲ್ಲಿ ಸಣ್ಣ ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಒಳಗೆ ಇಬ್ಬರು ನಿಂತರೆ ಮೂರನೆಯವರು ಫುಟ್‌ಪಾತಿನಲ್ಲಿ ಕಾಯಬೇಕು. ಪತ್ತೇದಾರಿ ಪುಸ್ತಕಗಳಿಗೆಲ್ಲ ಖಾಕಿ ರಟ್ಟು, ಬೆನ್ನಿಗೆ ದಪ್ಪ ದಾರದ ಹೊಲಿಗೆ. ಅಮ್ಮ ಅವನ್ನು ಸೊಪ್ಪಿನ ಚೀಲದಲ್ಲಿಟ್ಟುಕೊಂಡು ಬರುತ್ತಿದ್ದಳು. ಒಂದು ಸಲ ತಂದ ಪುಸ್ತಕದಲ್ಲಿ ಕೊನೆಯ ಹಾಳೆಯೇ ಇರಲಿಲ್ಲ. ನಾನು ಅತ್ತುಬಿಟ್ಟೆ. ಅಮ್ಮ ಒಗ್ಗರಣೆ ಹಾಕುತ್ತಲೇ, "ಅಳೋದ್ಯಾಕೋ? ಪುರುಷೋತ್ತಮ ಹಿಡಿದೇ ಹಿಡೀತಾನೆ" ಅಂದಳು.

ನಮ್ಮ ಪತ್ತೇದಾರಿ ಪರಂಪರೆಯ ಶಕ್ತಿ ಆ ಮಾತಿನಲ್ಲಿದೆ. ಅದರ ಕೊರತೆಯೂ ಅಲ್ಲೇ ಇದೆ.

ಆ ಪುರುಷೋತ್ತಮನನ್ನು ಸೃಷ್ಟಿಸಿದ ಎನ್. ನರಸಿಂಹಯ್ಯನವರು ಓದಿದ್ದು ನಾಲ್ಕನೇ ತರಗತಿಯವರೆಗೆ. 1952ರಲ್ಲಿ 'ಪತ್ತೇದಾರ ಪುರುಷೋತ್ತಮ' ಬಂತು. ಅಲ್ಲಿಂದಾಚೆಗೆ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಎಂದು ನಾಯಕರೇ ಹಲವರು. ಅಕ್ಷರ ಕೂಡಿಸಿ ಓದುವಷ್ಟು ಕಲಿತಿದ್ದ ಸಾವಿರಾರು ಜನ ಒಂದಿಡೀ ಪುಸ್ತಕ ಮುಗಿಸುವ ಧೈರ್ಯ ಪಡೆದದ್ದು ಇವರಿಂದ. ಚಿಕ್ಕ ವಾಕ್ಯ, ಬೇಗ ಬೇಗ ಮುಗಿಯುವ ಅಧ್ಯಾಯ, ಮುಂದೇನು ಎಂಬ ಎಳೆತ. ಇದನ್ನು ಕೀಳಾಗಿ ಕಂಡ ವಿಮರ್ಶೆ ಓದುಗರು ಹುಟ್ಟುವುದು ಹೇಗೆಂದು ಯೋಚಿಸಲೇ ಇಲ್ಲ. ಹಳದಿ-ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಕನ್ನಡಕ್ಕಾಗಿ ಬೀದಿಗಿಳಿದವರು ಬೀದಿಯ ಓದುಗರಿಗಾಗಿ ಬರೆದದ್ದು ನನಗೆ ಆಕಸ್ಮಿಕವೆನಿಸುವುದಿಲ್ಲ.

ಆದರೆ ನಮ್ಮಲ್ಲಿ ಬೇರೂರಿದವನು ಪತ್ತೇದಾರ, ಗೂಢಚಾರನಲ್ಲ. ಪತ್ತೇದಾರ ಕಾಯುವುದು ಪಕ್ಕದ ಮನೆಯನ್ನು: ಕಳುವಾದ ಒಡವೆ, ಕಾಣೆಯಾದ ಮಗಳು, ಉಯಿಲಿನ ಜಗಳ. ದೇಶದ ಗುಟ್ಟು ಕಾಯುವವನು ನಮ್ಮ ಜನರ ಮನಸ್ಸಿಗೆ ಬಂದದ್ದು ಹೆಚ್ಚಾಗಿ ಸಿನಿಮಾದಿಂದ. ದೊರೈ-ಭಗವಾನ್ ಜೋಡಿ 1968ರಲ್ಲಿ 'ಜೇಡರ ಬಲೆ' ತೆಗೆದು ರಾಜ್‌ಕುಮಾರರನ್ನು ಸಿ.ಐ.ಡಿ. 999 ಮಾಡಿತು. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999'. ಒಂಬತ್ತು ವರ್ಷ ಬಿಟ್ಟು 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಅಲ್ಲಿಗೆ ಮಾಲಿಕೆ ನಿಂತಿತು. ಮುಗಿಯಲಿಲ್ಲ, ನಿಂತಿತು. 999 ಎಂಬ ಮನುಷ್ಯನಿಗೆ ಏನಾಯಿತೆಂದು ಯಾರೂ ಹೇಳಲಿಲ್ಲ.

ಪುರುಷೋತ್ತಮನದೂ ಅದೇ ಕಥೆ. ಪ್ರತಿ ಪುಸ್ತಕಕ್ಕೂ ಕೊನೆಯಿದೆ, ಅವನ ಬದುಕಿಗಿಲ್ಲ. ಅವನಿಗೆ ವಯಸ್ಸಾಗುವುದಿಲ್ಲ, ಕಳೆದ ಪುಸ್ತಕದಲ್ಲಿ ಕಂಡ ಹೆಣ ಈ ಪುಸ್ತಕದಲ್ಲಿ ಅವನ ನಿದ್ದೆ ಕೆಡಿಸುವುದಿಲ್ಲ. ನನಗೆ ಈ ಪರಂಪರೆಯ ಮೇಲಿರುವ ದೊಡ್ಡ ದೂರು ಇದೇ. ಭಾಷೆ ಸರಳವಾಯಿತೆಂದಲ್ಲ, ತಂತ್ರ ಹೊರಗಿನಿಂದ ಬಂತೆಂದೂ ಅಲ್ಲ. ಓದುಗ ಬೆಳೆದ, ನಾಯಕ ಬೆಳೆಯಲಿಲ್ಲ. ಟೀವಿ ಬಂದದ್ದರಿಂದ ಲೈಬ್ರರಿಗಳು ಮುಚ್ಚಿದವು ಎನ್ನುವುದು ಅರ್ಧ ಸತ್ಯ. ಓದುಗರು ಅಷ್ಟು ಹೊತ್ತಿಗಾಗಲೇ ಈ ನಾಯಕರನ್ನು ದಾಟಿ ಬಂದಿದ್ದರು.

ಇಂಗ್ಲೆಂಡಿನ ಜಾನ್ ಲ ಕಾರ್ರೆ ಬರೆದ, ಬ್ರಿಟಿಷ್ ಗೂಢಚಾರ ಸ್ಮೈಲಿಯ ಮೂರು ಕಾದಂಬರಿಗಳನ್ನು ಓದಿದಾಗ ನನಗೆ ನಮ್ಮ ನಷ್ಟ ಕಣ್ಣಿಗೆ ಕಟ್ಟಿತು. 1974ರಲ್ಲಿ ಶುರುವಾದ ಆ ಮಾಲಿಕೆ 1979ರ 'ಸ್ಮೈಲೀಸ್ ಪೀಪಲ್' ಕಾದಂಬರಿಯಲ್ಲಿ ಮುಗಿಯುತ್ತದೆ. ಹಿಂದೆ ದೆಹಲಿಯ ಜೈಲಿನಲ್ಲಿ ವಿಚಾರಣೆ ಮಾಡುವಾಗ ಸ್ಮೈಲಿ ತನ್ನ ಹೆಂಡತಿ ಕೊಟ್ಟ ಲೈಟರನ್ನು ಸೋವಿಯತ್ ಗೂಢಚಾರ ಕಾರ್ಲಾನ ಕೈಗೆ ಕೊಟ್ಟಿರುತ್ತಾನೆ. ಅವನು ಅದನ್ನು ಒಯ್ದುಬಿಟ್ಟಿರುತ್ತಾನೆ. ಎಷ್ಟೋ ವರ್ಷದ ಮೇಲೆ ಕಾರ್ಲಾನಿಗೆ ಮಗಳ ಮೇಲಿರುವ ಪ್ರೀತಿಯನ್ನೇ ಗಾಳ ಮಾಡಿ ಸ್ಮೈಲಿ ಅವನನ್ನು ಬರ್ಲಿನ್ ಗಡಿ ದಾಟಿಸುತ್ತಾನೆ. ಗೆದ್ದ ಗಳಿಗೆಯಲ್ಲಿ ಆ ಲೈಟರ್ ನೆಲಕ್ಕೆ ಬೀಳುತ್ತದೆ. ಸ್ಮೈಲಿ ಎತ್ತಿಕೊಳ್ಳುವುದಿಲ್ಲ. ಶತ್ರುವನ್ನು ಹಿಡಿಯಲು ತಾನೂ ಶತ್ರುವಿನಂತಾದೆನೆಂಬ ಅರಿವು ಆ ಒಂದು ಸುಮ್ಮನಿರುವಿಕೆಯಲ್ಲಿದೆ.

ನಮ್ಮ ಓದುಗರಿಗೆ ಇಂಥದ್ದು ರುಚಿಸುತ್ತಿರಲಿಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಮ್ಮನಿಗೆ ಈಗ ಅಕ್ಷರ ಸರಿಯಾಗಿ ಕಾಣುವುದಿಲ್ಲ. ಕಳೆದ ಮಳೆಗಾಲದಲ್ಲಿ ಬನಶಂಕರಿಯ ಮನೆಯ ಜಗಲಿಯಲ್ಲಿ ಕೂತು ಅವಳಿಗೆ ಈ ಕಥೆಯನ್ನು ಕನ್ನಡದಲ್ಲಿ ಹೇಳಿದೆ, ಮೂರು ಸಂಜೆ. ಕಾರ್ಲಾ ಸಿಕ್ಕಿಬಿದ್ದದ್ದಕ್ಕೆ ಅವಳೇನೂ ಅನ್ನಲಿಲ್ಲ. ಅವನು ಸಿಗುತ್ತಾನೆಂದು ಅವಳಿಗೆ ಗೊತ್ತೇ ಇತ್ತು. ಲೈಟರಿನ ಮಾತು ಬಂದಾಗ ಹುರಳಿಕಾಯಿ ಸೋಸುತ್ತಿದ್ದ ಕೈ ನಿಂತಿತು.

"ಹೆಂಡ್ತಿ ಕೊಟ್ಟಿದ್ದು, ಅಲ್ಲೇ ಬಿಟ್ಟು ಹೋದ್ನೇನೋ?" ಎಂದು ಕೇಳಿದಳು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.